ಭದ್ರಾವತಿಯ ಎಚ್.ಎ.ಎಲ್. ಸ್ವಾಮಿ

ಭದ್ರಾವತಿಯ ನ್ಯೂ ಟೌನಿನಲ್ಲಿ ಕಾಶಮ್ಮನ ಬಾಯಿಗೆ ಹೆದರದವರೇ ಇರಲಿಲ್ಲ. ಊರಿಗೆಲ್ಲ ನೀರು ಬೆರೆಸಿದ ಹಾಲು ಹಾಕುವ ಪುಟ್ಟಪ್ಪ ಅವಳ ಮನೆಗೆ ಮಾತ್ರ ಗಟ್ಟಿ ಹಾಲು ತರುತ್ತಿದ್ದ. ಕ್ವಾರ್ಟರ್ಸಿನ ಬೀದಿ ನಲ್ಲಿಯ ಮುಂದೆ ಅವಳ ಕೊಡ ಕೂತಿತೆಂದರೆ, ಅವಳು ಒಳಗೆ ರೊಟ್ಟಿ ತಟ್ಟುತ್ತಿದ್ದರೂ ಸರಿಯೇ, ಅದನ್ನು ಹಿಂದಕ್ಕೆ ಸರಿಸುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಇಂಥ ಬಾಯಾಳಿ ಹೆಂಗಸು ತನ್ನ ಜನ್ಮದಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಎರಡೇ ಅಕ್ಷರದ್ದು: “ಸಾಕು.” ಅದನ್ನು ಆಡಿದ್ದೂ ಒಬ್ಬನಿಗೇ, ತಮ್ಮ ಹಾಲಸ್ವಾಮಿಗೆ.

ಹಾಲಸ್ವಾಮಿ ಬದುಕಿದ್ದು ಇಪ್ಪತ್ತಮೂರು ವರ್ಷ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಮೇಲೆ ಯಾಕೆ ಹೇಳಲಿಲ್ಲ ಎಂದು ಜಗಳ ಬೇಡ. ಆದರೆ ಆ ಇಪ್ಪತ್ತಮೂರರಲ್ಲಿ ಹನ್ನೊಂದು ವರ್ಷ ಅವನು ಪಿಯಾನೋ ನುಡಿಸಿದ, ಅದೂ ಎಂಥದು, ಜಾಸ್! ಬೊಂಬಾಯಿಯ ದೊಡ್ಡ ಹೋಟೆಲುಗಳಲ್ಲಿ ಸೂಟು ಹಾಕಿದವರು ನುಡಿಸುವ ಅಮೆರಿಕದ ಸಂಗೀತವನ್ನು ಇವನು ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಕಬ್ಬಿಣದ ಕಾರ್ಖಾನೆಯ ಊರಿನಲ್ಲಿ ಕೂತು ನುಡಿಸಿದ. ಕೇಳಿದವರು ಮೂಗಿನ ಮೇಲೆ ಬೆರಳಿಟ್ಟರು. ಕಾಶಮ್ಮ ಮಾತ್ರ ಅವನ ಬೆರಳನ್ನು ನೋಡಲೇ ಇಲ್ಲ. ಅವಳು ನೋಡುತ್ತಿದ್ದದ್ದು ಅವನ ಮೇಲ್ದುಟಿಯನ್ನು.

ಅದಕ್ಕೆ ಕಾರಣವಿತ್ತು. ಅಪ್ಪ ಮೊದಲೇ ಹೋಗಿದ್ದ. ಅವ್ವ ಕಣ್ಣು ಮುಚ್ಚುವಾಗ ನಾಲ್ಕು ವರ್ಷದ ಹಾಲಸ್ವಾಮಿಯ ಕೈಯನ್ನು ಕಾಶಮ್ಮನ ಕೈಯಲ್ಲಿಟ್ಟು ಹೋದಳು. ಕಾಶಮ್ಮನಿಗೆ ಆಗ ಹದಿನೆಂಟು, ಮದುವೆಯಾಗಿ ಎಂಟು ತಿಂಗಳು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಗಂಡ ಕೊಟ್ರಬಸಪ್ಪನ ಮನೆಗೆ ಬಂದಳು. ಅವಳಿಗೆ ತನ್ನವೇ ಮಕ್ಕಳಾಗಲಿಲ್ಲ, ಆಗಲಿಲ್ಲವೆಂಬ ಚಿಂತೆ ಮಾಡುವಷ್ಟು ಪುರಸೊತ್ತನ್ನು ಈ ತಮ್ಮ ಕೊಡಲೂ ಇಲ್ಲ. ಒಂಬತ್ತನೇ ವರ್ಷದಲ್ಲಿ ಅವನಿಗೆ ಜ್ವರ ಬಂತು. ಮೊಣಕಾಲು, ಮೊಣಕೈ ಎಲ್ಲ ಊದಿಕೊಂಡವು. ಜ್ವರ ಇಳಿದ ಮೇಲೂ ಹತ್ತು ಹೆಜ್ಜೆ ನಡೆದರೆ ಏದುಸಿರು. ರೈಲು ಹತ್ತಿಸಿಕೊಂಡು ಶಿವಮೊಗ್ಗದ ಡಾಕ್ಟರ್ ಶಿವರಾಮಯ್ಯನವರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಹುಡುಗನನ್ನು ಹೊರಗೆ ಕೂರಿಸಿ ಬಂದು ಕಾಶಮ್ಮನಿಗೆ ಹೇಳಿದರು:

“ನೋಡಮ್ಮ, ಇವನ ಗುಂಡಿಗೆಯ ಒಂದು ಬಾಗಿಲು ಸರಿಯಾಗಿ ಮುಚ್ತಾ ಇಲ್ಲ. ಇದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಓಡಬಾರದು, ಈಜಬಾರದು, ಮೆಟ್ಟಿಲು ಹತ್ತಬಾರದು. ಸುಸ್ತಾಗೋಕೆ ಮುಂಚೆ ನಿಲ್ಲಿಸಬೇಕು. ಜೋಪಾನ ಮಾಡಿದ್ರೆ ಇಪ್ಪತ್ತೈದು ವರ್ಷದ ತನಕ ನಡೀತದೆ.”

“ಸುಸ್ತಾಗೋಕೆ ಮುಂಚೆ ಅಂದ್ರೆ, ನನಗೆ ಗೊತ್ತಾಗೋದು ಹೆಂಗೆ ಡಾಕ್ಟ್ರೇ?”

“ಮೇಲ್ದುಟಿ ಮೇಲೆ ಬೆವರು ಮೂಡ್ತದೆ. ಅದು ಕಂಡ ತಕ್ಷಣ ಸಾಕು ಅಂದುಬಿಡಿ.”

ಕಾಶಮ್ಮ ಅವತ್ತಿನಿಂದ ಆ ಕೆಲಸ ಹಿಡಿದಳು. ಗೋಲಿಯಾಟಕ್ಕೆ ಸಾಕು, ಜೋರು ನಗುವಿಗೆ ಸಾಕು, ಮಗ್ಗಿ ಒಪ್ಪಿಸುವುದಕ್ಕೂ ಸಾಕು. ಹುಡುಗ ಒಂದು ದಿನವಾದರೂ ಮುನಿಸಿಕೊಳ್ಳಬೇಕೋ ಬೇಡವೋ? ಇಲ್ಲ. “ಅಕ್ಕಾ, ಊಟ ಮಾಡುವಾಗ ಮಾತ್ರ ನೀನು ಸಾಕು ಅನ್ನಲ್ಲ ನೋಡು” ಎಂದು ಅವಳನ್ನೇ ಗೇಲಿ ಮಾಡುತ್ತಿದ್ದ.

ಕೊಟ್ರಬಸಪ್ಪ ಕಾರ್ಖಾನೆಯ ಆಫೀಸರುಗಳ ಕ್ಲಬ್ಬಿನಲ್ಲಿ ಗುಮಾಸ್ತ. ತೂಕದ ಮನುಷ್ಯ, ಮೈಯಲ್ಲೂ ಮಾತಿನಲ್ಲೂ. ಓರಗೆಯ ಹುಡುಗರೆಲ್ಲ ಮೈದಾನದಲ್ಲಿ ಚೆಂಡು ಒದೆಯುವಾಗ ಭಾವಮೈದುನ ಕಿಟಕಿಯಲ್ಲಿ ಕೂತಿರುವುದನ್ನು ನೋಡಲಾರದೆ ಅವನನ್ನು ಸಂಜೆ ಕ್ಲಬ್ಬಿಗೆ ಕರೆದುಕೊಂಡು ಹೋಗತೊಡಗಿದ. ಕ್ಲಬ್ಬಿನ ದೊಡ್ಡ ಕೋಣೆಯಲ್ಲಿ ಒಂದು ಪಿಯಾನೋ ಇತ್ತು. ಯಾವನೋ ಪರದೇಶದ ಇಂಜಿನಿಯರು ಊರಿಗೆ ಹೋಗುವಾಗ ಹೊತ್ತೊಯ್ಯಲಾರದೆ ಬಿಟ್ಟುಹೋದದ್ದು. ಶನಿವಾರ ಅಲ್ಲಿ ಲೋಬೋ ಮಾಸ್ತರ ಬ್ಯಾಂಡು ತಾಲೀಮು ಮಾಡುತ್ತಿತ್ತು. ಲೋಬೋ ಮಂಗಳೂರಿನವರು, ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ, ಸಂಜೆ ತುತ್ತೂರಿ. ಪಿಯಾನೋ ನುಡಿಸುತ್ತಿದ್ದ ಆಫೀಸರಿಗೆ ಆ ವರ್ಷ, ಅಂದರೆ ಐವತ್ತನೇ ಇಸವಿಯಲ್ಲಿ, ವರ್ಗವಾಗಿ ಬ್ಯಾಂಡು ಕುಂಟುತ್ತಿತ್ತು.

ಹನ್ನೆರಡು ವರ್ಷದ ಹಾಲಸ್ವಾಮಿ ಮಠದ ಭಜನೆಯ ಹಾರ್ಮೋನಿಯಂ ಮೇಲೆ ಬೆರಳಾಡಿಸಿದವನು. ಎರಡು ಶನಿವಾರ ಸುಮ್ಮನೆ ಕೂತು ಕೇಳಿದ. ಮೂರನೆಯ ಶನಿವಾರ ಬ್ಯಾಂಡಿನವರು ಚಹಾ ಕುಡಿಯಲು ಎದ್ದಾಗ ಪಿಯಾನೋ ಮುಂದೆ ಹೋಗಿ ಕೂತ. ಅವರು ಅರ್ಧ ಗಂಟೆಯಿಂದ ಎಡವುತ್ತಿದ್ದ ಹಾಡನ್ನು ಮೊದಲು ಒಂದು ಕೈಯಲ್ಲಿ, ಆಮೇಲೆ ಎರಡೂ ಕೈಯಲ್ಲಿ, ಆಮೇಲೆ ಆ ಹಾಡಿನಲ್ಲಿ ಇಲ್ಲದ್ದನ್ನೆಲ್ಲ ಸೇರಿಸಿ ನುಡಿಸಿಬಿಟ್ಟ. ಲೋಬೋ ಕೈಯ ಚಹಾ ಆರಿಹೋಯಿತು.

“ಇದು ಎಂತ ಮಾರಾಯ! ಯಾರು ಕಲಿಸಿದ್ದು ನಿಂಗೆ?”

“ನೀವೇ ಅಲ್ವಾ ಈಗ ನುಡಿಸ್ತಿದ್ದಿದ್ದು?” ಎಂದ ಹಾಲಸ್ವಾಮಿ.

ಅಷ್ಟು ಹೊತ್ತಿಗೆ, ತಮ್ಮ ಇನ್ನೂ ಮನೆಗೆ ಬರಲಿಲ್ಲವೆಂದು ಹುಡುಕಿಕೊಂಡು ಬಂದ ಕಾಶಮ್ಮ ಬಾಗಿಲಲ್ಲಿ ನಿಂತಿದ್ದಳು. ಸಂಗೀತ ಅವಳ ಕಿವಿಗೆ ಬಿತ್ತೋ ಇಲ್ಲವೋ, ಮೇಲ್ದುಟಿಯ ಬೆವರು ಕಣ್ಣಿಗೆ ಬಿತ್ತು. “ಸಾಕು, ಏಳೋ!” ಎಂದಳು. ಹುಡುಗ ಕೈಯೆತ್ತಿದ. ಲೋಬೋ ಅವಳ ಹಿಂದೆಯೇ ಮನೆಯವರೆಗೆ ಬಂದರು. ಹುಡುಗನನ್ನು ತನಗೆ ಕೊಡಬೇಕು, ಇಂಥ ಕೈ ಕೋಟಿಗೊಂದು ಎಂದು ಗೋಗರೆದರು. ಕಾಶಮ್ಮ ಗುಂಡಿಗೆಯ ವಿಷಯ ಹೇಳಿದಳು. ಲೋಬೋ, “ಅಲ್ಲ ಅಕ್ಕ, ಕೂತು ನುಡಿಸುವುದಲ್ವಾ?” ಎಂದರು.

ಕಾಶಮ್ಮನ ಕಣ್ಣು ತಮ್ಮನ ಕಡೆ ಹೋಯಿತು. ಅವನು ಊಟದ ಮಣೆಯ ಮೇಲೆ ಕೂತು ನೆಲದ ಮೇಲೆ ಹತ್ತೂ ಬೆರಳನ್ನು ಆಡಿಸುತ್ತಿದ್ದ. ಆ ಮುಖದಲ್ಲಿ ಅಂಥ ಬೆಳಕನ್ನು ಅವಳು ಮೂರು ವರ್ಷದಲ್ಲಿ ನೋಡಿರಲಿಲ್ಲ. ಹೂಂ ಅಂದಳು. ಆದರೆ ಕಾಶಮ್ಮ ಕಾಶಮ್ಮನೇ. ಷರತ್ತು ಹಾಕಿದಳು. ವಾರಕ್ಕೆ ಎರಡು ದಿನ, ದಿನಕ್ಕೆ ಮೂರು ಹಾಡು. ಪಿಯಾನೋ ಪಕ್ಕದಲ್ಲಿ ತಾನು ಕುರ್ಚಿ ಹಾಕಿಕೊಂಡು ಕೂರುವುದು. ತಾನು ಸಾಕು ಅಂದಾಗ ಹಾಡು ಎಲ್ಲೇ ಇರಲಿ, ಕೈ ಮೇಲೆ.

“ಜಾಸ್ ಅಂದ್ರೆ ಎಂತ ಗೊತ್ತುಂಟಾ ಅಕ್ಕ? ಹಾಡಿಗೆ ಒಂದು ದಾರಿ ಉಂಟು. ಅದನ್ನು ಬಿಟ್ಟು ಮನಸ್ಸು ಬಂದ ಕಡೆ ತಿರುಗಾಡಿ, ಮತ್ತೆ ಮನೆಗೆ ವಾಪಸ್ ಬರುವುದು. ಅದನ್ನ ಮಧ್ಯದಲ್ಲಿ ನಿಲ್ಲಿಸ್ಲಿಕ್ಕೆ ಆಗ್ತದಾ?” ಎಂದು ಲೋಬೋ ಗೋಳಾಡಿದರು.

“ಮನೆಗೆ ವಾಪಸ್ ಕರ್ಕೊಂಡು ಬರೋಕೇ ನಾನು ಕೂರೋದು ಮಾಸ್ತರೇ. ನಿಮ್ಮ ಜಾಸ್ ಅಂದ್ರೆ ಜಾಸ್ತಿ ಅಂತ ನನಗೆ ಆಗ್ಲೇ ಗೊತ್ತಾಯ್ತು.”

ಅಲ್ಲಿಗೆ ಮಾತು ಮುಗಿಯಿತು. ಅಂದಿನಿಂದ ಅವಳು ಆ ಸಂಗೀತವನ್ನು “ಜಾಸ್ತಿ” ಎಂದೇ ಕರೆದಳು. “ನಮ್ಮ ಸ್ವಾಮಿ ಜಾಸ್ತಿ ನುಡಿಸೋಕೆ ಹೋಗಿದಾನೆ” ಎಂದರೆ ನೆರೆಯವರಿಗೆ ಅರ್ಥವಾಗುತ್ತಿತ್ತು.

ಎರಡನೇ ಜಗಳ ಪೆಡಲಿನದು. ಪಿಯಾನೋದ ಕೆಳಗೆ ಕಾಲಿನಿಂದ ಒತ್ತುವ ಪೆಡಲು ಇರುತ್ತದೆ; ಒತ್ತಿದರೆ ಸ್ವರ ಉದ್ದಕ್ಕೆ ಮೊಳಗುತ್ತದೆ. ಹಾಲಸ್ವಾಮಿಯ ಪಾದ ಅಪ್ಪಿತಪ್ಪಿ ಅದಕ್ಕೆ ತಗುಲಿದರೆ ಸಾಕು, ನುಡಿಸುವುದನ್ನು ಬಿಟ್ಟು ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ವಾದ್ಯಕ್ಕೆ ಕಾಲು ತಾಗಿಸುವುದುಂಟೇ? ಲೋಬೋ ತಲೆ ಚಚ್ಚಿಕೊಂಡರು. ಕೊಟ್ರಬಸಪ್ಪ ಕೂಡ ಅಪರೂಪಕ್ಕೆ ಬಾಯಿಬಿಟ್ಟ.

“ಅಲ್ವೇ, ಶಿವಮೊಗ್ಗದಲ್ಲಿ ಕ್ಯಾಂಪು ಹಾಕಿರೋ ನಾಟಕ ಕಂಪನಿ ಮಾಸ್ತರು ಕಾಲು ಹಾರ್ಮೋನಿಯಂ ತುಳ್ಕೊಂಡೇ ನುಡಿಸ್ತಾರಲ್ಲೇ?”

“ಅದಕ್ಕೇ ಕಣ್ರೀ ಆ ಕಂಪನಿ ವರ್ಷಕ್ಕೊಂದ್ಸಲ ಮುಳುಗೋದು” ಎಂದಳು ಕಾಶಮ್ಮ.

ಆಯುಧಪೂಜೆಗೆ ಕಾರ್ಖಾನೆಯ ಯಂತ್ರಗಳಿಗೆಲ್ಲ ಕುಂಬಳಕಾಯಿ ಒಡೆಯುವಾಗ ಅವಳು ತಟ್ಟೆ ಹಿಡಿದು ನೇರ ಕ್ಲಬ್ಬಿಗೆ ಹೋದಳು. ಪಿಯಾನೋಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಎರಡು ಪೆಡಲಿನ ಮುಂದೂ ಒಂದೊಂದು ನಿಂಬೆಹಣ್ಣು ಇಟ್ಟು ಬಂದಳು. ಸಂಜೆ ಬಂದ ದೊಡ್ಡ ಆಫೀಸರು ಕೋಪ ಮಾಡಿಕೊಳ್ಳಲು ಹೊರಟು, ಯಾರ ಕೆಲಸವೆಂದು ತಿಳಿದ ಮೇಲೆ ಹಣ್ಣುಕಾಯಿಗೆ ಕೈಮುಗಿದು ಹೋದರು.

ಪೆಡಲು ಒತ್ತದೆ ಸ್ವರ ಹುಟ್ಟಿದಲ್ಲೇ ಸಾಯುತ್ತಿತ್ತು. ಆ ಖಾಲಿಯನ್ನು ತುಂಬಲು ಹಾಲಸ್ವಾಮಿ ಬೆರಳಿನಿಂದಲೇ ಹೆಚ್ಚು ಹೆಚ್ಚು ಸ್ವರ ಸುರಿಯಬೇಕಾಯಿತು. ಅದರಿಂದ ಅವನದೇ ಒಂದು ಕೈ ಹುಟ್ಟಿತು, ಹುರಿದ ಕಡಲೆ ನೆಲದ ಮೇಲೆ ಚೆಲ್ಲಿದಷ್ಟು ಚುರುಕು. ಕೇಳುವವರು ಕುರ್ಚಿಯಲ್ಲಿ ಕೂರಲಾರರು. ಆದರೆ ಅಷ್ಟಷ್ಟು ಬೇಗ ಬೆವರು, ಅಷ್ಟಷ್ಟು ಬೇಗ ಸಾಕು. ಕ್ರಿಸ್‌ಮಸ್ ಡ್ಯಾನ್ಸಿನ ದಿನ ಜೋಡಿಗಳು ಒಂದು ಕಾಲು ಎತ್ತಿದ್ದಾಗಲೇ ಕಾಶಮ್ಮನ “ಸಾಕು” ಬೀಳುತ್ತಿತ್ತು, ಪಿಯಾನೋ ಫಕ್ಕನೆ ನಿಲ್ಲುತ್ತಿತ್ತು, ಎತ್ತಿದ ಕಾಲು ಎಲ್ಲಿಡಬೇಕೆಂದು ತಿಳಿಯದೆ ಆಫೀಸರುಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಇದೇ ಬೊಂಬಾಯಿಯ ಹೊಸ ಫ್ಯಾಷನ್ನು ಎಂಬ ಸುದ್ದಿ ಹಬ್ಬಿತು. ಹಾಡು ಪೂರ್ತಿ ಮುಗಿದರೆ ಜನಕ್ಕೆ ಬೇಜಾರಾಗತೊಡಗಿತು.

ಹೀಗೆ ವರ್ಷಗಳು ಹೋದವು. ಹಾಲಸ್ವಾಮಿಗೆ ಮೀಸೆ ಬಂತು. ಕ್ಲಬ್ಬಿನಲ್ಲೇ ಪುಸ್ತಕ ಜೋಡಿಸುವ ಸಣ್ಣ ನೌಕರಿ ಸಿಕ್ಕಿತು. ಎರಡು ಗಂಟೆಯ ಪಾಳಿಯ ಸೈರನ್ನು ಯಾವ ಸ್ವರದಲ್ಲಿ ಕೂಗುತ್ತದೆಂದು ಪತ್ತೆ ಹಚ್ಚಿ, ಅದು ಕೂಗುವ ಕ್ಷಣಕ್ಕೆ ಸರಿಯಾಗಿ ಹಾಡನ್ನು ಅಲ್ಲಿಗೆ ತಂದು ನಿಲ್ಲಿಸುತ್ತಿದ್ದ. ಇಡೀ ಕಾರ್ಖಾನೆ ತನ್ನ ಬ್ಯಾಂಡಿನಲ್ಲಿದೆ ಎಂದು ಜಂಬ ಕೊಚ್ಚುತ್ತಿದ್ದ. ತಿಂಗಳಿಗೊಮ್ಮೆ ಒಬ್ಬನೇ ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ಎದೆ ತೋರಿಸಿ ಬರುತ್ತಿದ್ದ. ಹುಟ್ಟಿದ ಹಬ್ಬ ಬಂದಾಗಲೆಲ್ಲ ಕಾಶಮ್ಮ ಪಾಯಸ ಬಡಿಸಿ, ಒಲೆಯ ಮುಂದೆ ಕೂತು ಬೆರಳು ಮಡಚಿ ಇಪ್ಪತ್ತೈದಕ್ಕೆ ಇನ್ನೆಷ್ಟು ಎಂದು ಎಣಿಸುತ್ತಿದ್ದಳು. ಅವನನ್ನು ಇಪ್ಪತ್ತೈದು ದಾಟಿಸಿಬಿಟ್ಟರೆ ಡಾಕ್ಟರ ಮಾತೇ ಸುಳ್ಳಾಗುತ್ತದೆ, ಆಮೇಲೆ ಯಮನೂ ಅವನ ತಂಟೆಗೆ ಬರುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಅದಕ್ಕಾಗಿ ಅವಳು ಎಷ್ಟು ಹಾಡನ್ನಾದರೂ ಅರ್ಧಕ್ಕೆ ಕತ್ತರಿಸಲು ತಯಾರಿದ್ದಳು.

ಅರವತ್ತನೇ ಇಸವಿಯ ನವೆಂಬರಿನಲ್ಲಿ ಬೆಂಗಳೂರಿನ ದಂಡು ಪ್ರದೇಶದ ಒಂದು ಸಂಗೀತ ಸಂಘದವರು ಹೊಸಬರಿಗಾಗಿ ಜಾಸ್ ಸಂಜೆ ಏರ್ಪಡಿಸಿದರು. ಲೋಬೋ ಕಾಶಮ್ಮನಿಗೆ ಹೇಳದೆ ಅರ್ಜಿ ಹಾಕಿಬಿಟ್ಟರು. ಅವರ ಬಾಯಲ್ಲಿ ಹಾಲಸ್ವಾಮಿ ಎಂದೂ ಪೂರ್ತಿ ಹಾಲಸ್ವಾಮಿಯಾಗಿರಲಿಲ್ಲ, ಬರೀ “ಹಾಲ್”. ಅರ್ಜಿಯಲ್ಲೂ ಇಂಗ್ಲಿಷಿನ ಎಚ್, ಎ, ಎಲ್ ಮೂರೇ ಅಕ್ಷರ, ಮುಂದೆ ಸ್ವಾಮಿ. ಬೆಂಗಳೂರಿನ ಅಚ್ಚುಮನೆಯವನಿಗೆ ಆ ಮೂರಕ್ಷರ ಕಂಡರೆ ಬೇರೇನು ಹೊಳೆಯಬೇಕು? ಒಂದೊಂದರ ಮುಂದೂ ಒಂದೊಂದು ಚುಕ್ಕೆ ಇಟ್ಟ. ಊರ ಗೋಡೆಗಳ ಮೇಲೆಲ್ಲ “ಪಿಯಾನೋ: ಎಚ್.ಎ.ಎಲ್. ಸ್ವಾಮಿ” ಎಂದು ಪೋಸ್ಟರು ಬಿತ್ತು. ವಿಮಾನ ಕಾರ್ಖಾನೆಯ ಕಾರ್ಮಿಕರು ಅದನ್ನು ಓದಿದರು. ನಮ್ಮ ಕಾರ್ಖಾನೆಯವನೊಬ್ಬ ದಂಡಿನ ಮಂದಿಯ ಎದುರು ಪಿಯಾನೋ ಬಾರಿಸುತ್ತಾನಂತೆ ಎಂದು ಒಂದು ವಿಭಾಗದಿಂದ ಇನ್ನೊಂದಕ್ಕೆ, ಅವರ ಮಾತಿನಲ್ಲಿ ಶಾಪಿನಿಂದ ಶಾಪಿಗೆ, ಸುದ್ದಿ ಹೋಯಿತು. ಯಾವ ಸ್ವಾಮಿ ಎಂದು ಯಾರೂ ಕೇಳಲಿಲ್ಲ, ಅಲ್ಲಿ ಸ್ವಾಮಿಗಳಿಗೇನು ಬರವೇ?

ಇತ್ತ ಕಾಶಮ್ಮ ಲೋಬೋ ಮಾಸ್ತರಿಗೆ ಮೂರು ದಿನ ಬೈದಳು. ನಾಲ್ಕನೆಯ ದಿನ ಹಾಲಸ್ವಾಮಿ ಅವಳ ಪಕ್ಕ ಕೂತು ಹೇಳಿದ:

“ಅಕ್ಕಾ, ಭದ್ರಾವತಿ ಬಿಟ್ಟು ಹೊರಗೆ ಯಾರೂ ನನ್ನ ಕೇಳಿಲ್ಲ ಕಣೇ. ಒಂದೇ ಒಂದ್ಸಲ. ಮೂರೇ ಹಾಡು. ನೀನೇ ಪಕ್ಕದಲ್ಲಿ ಕೂತ್ಕೋ.”

ಬೇಡ ಅನ್ನಲು ಬಾಯಿ ತೆರೆದವಳಿಗೆ ಬೇಡ ಬರಲಿಲ್ಲ. ಒಂದು ತಂಬಿಗೆ ಮಜ್ಜಿಗೆ, ಒಂದು ಗಂಟು ರೊಟ್ಟಿ ಚಟ್ನಿಪುಡಿ ಕಟ್ಟಿಕೊಂಡು, ಬೀರೂರಿನಲ್ಲಿ ರೈಲು ಬದಲಿಸಿ, ಅಕ್ಕ, ತಮ್ಮ, ಲೋಬೋ ಮೂವರೂ ಬೆಂಗಳೂರಿಗೆ ಹೋದರು.

ಸಭಾಂಗಣ ಮಹಡಿಯ ಮೇಲಿತ್ತು. ಇಪ್ಪತ್ತೆಂಟು ಮೆಟ್ಟಿಲು. ಕಾಶಮ್ಮ ಕೆಳಗೇ ನಿಂತುಬಿಟ್ಟಳು, “ಹತ್ತೋ ಹಂಗಿಲ್ಲ, ವಾಪಸ್ ಹೋಗೋಣ” ಎಂದಳು. ಅಷ್ಟರಲ್ಲಿ ಸೈಕಲ್ಲುಗಳ ಮೇಲೆ, ಬಸ್ಸಿನಲ್ಲಿ, ಕೆಲವರು ಕೆಲಸದ ಬಟ್ಟೆಯಲ್ಲೇ, ನೂರೈವತ್ತು ಇನ್ನೂರು ಜನ ಗುಂಪುಗುಂಪಾಗಿ ಬಂದರು. “ಸ್ವಾಮಿ ಅಂದ್ರೆ ನೀವೇನಾ? ಎದೆ ಸರಿ ಇಲ್ವಾ? ಅದಕ್ಕೇನಂತೆ!” ಎಂದು ನಾಲ್ವರು ಅವನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ವಿಮಾನ ಮಾಡುವವರ ಹೆಗಲ ಮೇಲೆ ಹಾಲಸ್ವಾಮಿ ತೇಲುತ್ತ ಹೋದ, ನಗುತ್ತ. ಹಿಂದೆ ಕಾಶಮ್ಮ, “ಮೆತ್ತಗೆ, ಮೆತ್ತಗೆ ಕಣ್ರಪ್ಪಾ” ಎನ್ನುತ್ತ.

ಮುಂದಿನ ಸಾಲಿನಲ್ಲಿ ಟೋಪಿ, ಕೈಗವಸಿನ ಮೂವತ್ತು ನಲವತ್ತು ಜನ. ಹಿಂದೆಲ್ಲ ಖಾಕಿ. ಪಿಯಾನೋ ಪಕ್ಕದಲ್ಲಿ ಇಳಕಲ್ ಸೀರೆಯ ಕಾಶಮ್ಮ, ಕಾಲ ಬಳಿ ಮಜ್ಜಿಗೆ ತಂಬಿಗೆ. ನಿರೂಪಕ ಇಂಗ್ಲಿಷಿನಲ್ಲಿ ಏನೋ ಹೇಳಿ ಮುಗಿಸುತ್ತಲೇ ಹಿಂದಿನಿಂದ ಒಬ್ಬ ಎದ್ದುನಿಂತ.

“ಸ್ವಾಮೀ, ತಾವು ಯಾವ ಶಾಪು?”

ಹಾಲಸ್ವಾಮಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಪೋಸ್ಟರಿನ ಚುಕ್ಕೆಗಳು ಹೊಳೆದವು. ಕೆಂಪಾಗಿ, ಎದ್ದುನಿಂತು ಕೈಮುಗಿದ. “ನಾನು ಭದ್ರಾವತಿಯವನು ಅಣ್ಣಾ. ಕಬ್ಬಿಣದ ಊರು. ಹೆಸರು ಹಾಲಸ್ವಾಮಿ. ಆ ಚುಕ್ಕೆ ನನ್ನದಲ್ಲ.”

ಲೋಬೋ ಕಣ್ಣು ಮುಚ್ಚಿಕೊಂಡರು. ಇನ್ನೂರು ಜನ ಎದ್ದು ಹೊರಟರೆ ಮುಗಿಯಿತು. ಆಗ ಅದೇ ಮನುಷ್ಯ ಸೊಂಟದ ಮೇಲೆ ಕೈಯಿಟ್ಟು ಕೂಗಿದ: “ಕಬ್ಬಿಣಾನಾ? ಬಿಡ್ರಪ್ಪಾ, ನಮ್ಮ ಅಣ್ತಮ್ಮನೇ ಆದ! ನುಡಿಸು ಮಾರಾಯ!” ನಗು ಸೂರಿಗೆ ಬಡಿಯಿತು. ಆ ನಗು ಇಳಿಯುವ ಮೊದಲೇ ಹಾಲಸ್ವಾಮಿ ಕೂತು ಕೈಯಿಟ್ಟ.

ಹೇಗೆ ನುಡಿಸಿದ ಎಂದು ಕೇಳಬೇಡಿ. ಟೋಪಿಯವರು ಟೋಪಿ ತೆಗೆದರು. ಖಾಕಿಯವರು ಬೆಂಚಿನ ಮೇಲೆ ತಾಳ ಹಾಕಿದರು. ಮೊದಲನೇ ಹಾಡಿಗೆ ಕಾಶಮ್ಮನ ಸಾಕು ಬಿತ್ತು, ಹಾಡು ನಿಂತಿತು, ಸಭೆ ಬೆಕ್ಕಸ ಬೆರಗಾಗಿ ಚಪ್ಪಾಳೆ ಹೊಡೆಯಿತು. ಎರಡನೆಯದೂ ಹಾಗೆಯೇ. ಮೂರನೆಯದು ಮುಗಿದಾಗ ಅವನ ಮೇಲ್ದುಟಿ ಪೂರ್ತಿ ಒದ್ದೆಯಾಗಿತ್ತು. ಕಾಶಮ್ಮ ಮಜ್ಜಿಗೆ ಕೊಟ್ಟಳು. ಒಪ್ಪಂದದ ಪ್ರಕಾರ ಎಲ್ಲ ಮುಗಿದಿತ್ತು. ಆದರೆ ಇಡೀ ಸಭೆ ಎದ್ದುನಿಂತು ಇನ್ನೊಂದು, ಇನ್ನೊಂದು ಎಂದು ಕೂಗುತ್ತಿತ್ತು.

ಹಾಲಸ್ವಾಮಿ ಅಕ್ಕನ ಮುಖ ನೋಡಿದ, ಅಷ್ಟೇ. ಅವಳು ಹೂಂ ಅಂದರೂ ಸರಿ, ಏಳು ಅಂದರೂ ಸರಿ ಎಂಬ ಮುಖ. ಹದಿಮೂರು ವರ್ಷದಲ್ಲಿ ಒಂದು ಸಲವೂ ಅವಳು ಬೆವರು ಕಂಡ ಮೇಲೆ ಬಿಟ್ಟವಳಲ್ಲ. ಇಪ್ಪತ್ತೈದಕ್ಕೆ ಇನ್ನು ಮೂರೇ ವರ್ಷ ಬಾಕಿ. ಏಳು ಅಂದರೆ ಇವನು ನಗುತ್ತಲೇ ಏಳುತ್ತಾನೆ, ಹುಳಿಮುಖ ಮಾಡುವುದಿಲ್ಲ. ಆದರೆ ಇಷ್ಟು ಜನ, ಇಂಥ ಪಿಯಾನೋ, ಇಂಥ ಸಂಜೆ ಇನ್ನೊಂದು ಇವನ ಹಣೆಯಲ್ಲಿ ಬರೆದಿದೆಯೋ ಇಲ್ಲವೋ ಬಲ್ಲವರಾರು? ಅವಳು ಸೆರಗಿನಿಂದ ಅವನ ತುಟಿಯ ಬೆವರನ್ನು ಒರೆಸಿದಳು.

“ಇನ್ನೊಂದು ನುಡಿಸೋ” ಎಂದಳು. “ಪೂರ್ತಿ.”

ಅದೊಂದನ್ನು ಅವನು ಇಪ್ಪತ್ತು ನಿಮಿಷ ನುಡಿಸಿದ. ದಾರಿ ಬಿಟ್ಟು ಎಲ್ಲೆಲ್ಲಿಗೋ ಹೋಗಿ, ಮಠದ ಭಜನೆಯೊಳಗೆ ಹೊಕ್ಕು, ಹೊರಬಂದು, ತಾನೇ ಮನೆಗೆ ವಾಪಸ್ಸಾದ. ಕಾಶಮ್ಮ ತಮ್ಮನ ಸಂಗೀತವನ್ನು ಕೇಳಿದ್ದು ಅವತ್ತೇ ಮೊದಲು. ಅಲ್ಲಿಯವರೆಗೂ ಬರೀ ಬೆವರು ನೋಡುತ್ತಿದ್ದಳಲ್ಲ.

ಆಮೇಲೆ ಒಂಬತ್ತು ತಿಂಗಳು. ಒಳ್ಳೆಯ ತಿಂಗಳುಗಳೇ. ಭದ್ರಾವತಿಯಲ್ಲಿ ಎಲ್ಲರೂ ಅವನನ್ನು ಎಚ್.ಎ.ಎಲ್. ಸ್ವಾಮಿ ಎಂದು ಕರೆಯತೊಡಗಿದರು. ವಿಮಾನ ಯಾವಾಗ ಬಿಡ್ತೀಯೋ ಎಂದು ಪುಟ್ಟಪ್ಪ ದಿನಾ ಕೇಳುತ್ತಿದ್ದ. ಕ್ಲಬ್ಬಿನಲ್ಲಿ ಮತ್ತೆ ಅದೇ ಮೂರು ಹಾಡು, ಅದೇ ಕುರ್ಚಿ, ಅದೇ ಸಾಕು. ಅರವತ್ತೊಂದರ ಶ್ರಾವಣದಲ್ಲಿ ಜ್ವರ ಬಂತು. ಐದನೆಯ ದಿನ ಮಧ್ಯಾಹ್ನ ಒಂದು ಲೋಟ ಕಾಫಿ ಕುಡಿದು, “ಚೆನ್ನಾಗಿತ್ತು ಅಕ್ಕಾ, ಸ್ವಲ್ಪ ಮಲಗ್ತೀನಿ” ಎಂದ. ಮಲಗಿದವನು ಏಳಲಿಲ್ಲ.

ಲಿಂಗಾಯತರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹೂವಿನ ಮಂಟಪದಲ್ಲಿ ಹಾಲಸ್ವಾಮಿಯನ್ನು ವಿಭೂತಿ ಹಚ್ಚಿ ಕೂರಿ‌ಸಿದರು. ಮಠದ ಭಜನೆಯವರು ಮುಂದೆ ಹೊರಟರು. ಲೋಬೋ ತುತ್ತೂರಿಯನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ಅಳುತ್ತ ನಿಂತಿದ್ದರು. ಹಿರಿಯರು ಮುಖ ನೋಡಿಕೊಳ್ಳುವ ಮೊದಲೇ ಕಾಶಮ್ಮ, “ನುಡಿಸಿ ಮಾಸ್ತರೇ, ಅವನು ಕೇಳ್ಲಿ” ಎಂದಳು. ಭಜನೆಯ ಹಿಂದೆ ಬ್ಯಾಂಡು ನಡೆಯಿತು, ಬ್ಯಾಂಡಿನ ಹಿಂದೆ ಅರ್ಧ ನ್ಯೂ ಟೌನು.

ಮಣ್ಣು ಮಾಡಿ ಬಂದವಳು ಬಾಯಿ ಮುಚ್ಚಿಬಿಟ್ಟಳು. ಅಳಲೂ ಇಲ್ಲ. ನಲ್ಲಿಯ ಹತ್ತಿರ ಯಾರೋ ಅವಳ ಕೊಡ ಹಿಂದಕ್ಕೆ ಸರಿಸಿದರು, ಅವಳು ನೋಡಿಯೂ ಸುಮ್ಮನಿದ್ದಳು. ಕೊಟ್ರಬಸಪ್ಪನಿಗೆ ಭಯವಾಯಿತು. “ಬಯ್ಯೇ, ನನಗಾದ್ರೂ ಬಯ್ಯೇ” ಎಂದು ಬೇಡಿಕೊಂಡ. ಅವಳ ತಲೆಯೊಳಗೆ ಒಂದೇ ಮಾತು ತಿರುಗುತ್ತಿತ್ತು. ಇಪ್ಪತ್ತೈದು ಅಂದಿದ್ದರು ಡಾಕ್ಟರು. ಎರಡು ವರ್ಷ ಕಡಿಮೆ ಬಿತ್ತು. ಬೆಂಗಳೂರಿನ ಆ ಇನ್ನೊಂದು ಹಾಡಿನಲ್ಲಿ ಆ ಎರಡು ವರ್ಷವನ್ನು ತಾನೇ ಕೈಯಾರೆ ಖರ್ಚು ಮಾಡಿಬಿಟ್ಟೆ.

ಐದು ತಿಂಗಳು ಈ ಮಾತನ್ನು ಒಳಗೇ ಇಟ್ಟುಕೊಂಡಳು. ಸಂಕ್ರಾಂತಿಯ ಮರುದಿನ ಯಾರಿಗೂ ಹೇಳದೆ ರೈಲು ಹತ್ತಿ ಶಿವಮೊಗ್ಗಕ್ಕೆ ಹೋದಳು. ಶಿವರಾಮಯ್ಯನವರಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು. ಕೂರಿ ಅಂದರೂ ಅವಳು ಕೂರಲಿಲ್ಲ. ನಿಂತುಕೊಂಡೇ ಬೆಂಗಳೂರಿನದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

“ನಿಜ ಹೇಳಿ ಡಾಕ್ಟ್ರೇ. ನಾನೇ ಅಲ್ವಾ ಅವನನ್ನ ಕಳಕೊಂಡಿದ್ದು?”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇಪ್ಪತ್ತೈದು ಅಂದಿದ್ದು ಸುಳ್ಳು ಕಾಶಮ್ಮ. ನಿಮ್ಮ ಮುಖ ನೋಡಿ ನಿಜ ಹೇಳೋಕೆ ಬಾಯಿ ಬರಲಿಲ್ಲ. ಆ ಎದೆ ಹದಿನೈದು ದಾಟೋದು ಕಷ್ಟ ಅಂತ ನನಗೆ ಗೊತ್ತಿತ್ತು. ಪ್ರತಿ ತಿಂಗಳು ಅವನು ಬಾಗಿಲಲ್ಲಿ ನಿಂತಾಗ, ಅರೆ, ಇನ್ನೂ ಇದಾನಲ್ಲ ಅಂತ ನನಗೇ ಆಶ್ಚರ್ಯ. ಎರಡು ವರ್ಷ ಕಡಿಮೆ ಬಿದ್ದಿಲ್ಲ. ಎಂಟು ವರ್ಷ ಜಾಸ್ತಿ ಸಿಕ್ಕಿದೆ.”

ಕಾಶಮ್ಮ ಕುರ್ಚಿ ಹಿಡಿದುಕೊಂಡು ಕೂತಳು. ಆಮೇಲೆ ಕೇಳಿದಳು:

“ಹಂಗಿದ್ರೆ ಅಷ್ಟು ವರ್ಷ ಅವನ ಹಾಡೆಲ್ಲ ನಾನು ಅರ್ಧಕ್ಕೆ ನಿಲ್ಲಿಸಿದ್ದು ಯಾಕೆ? ಪಾಪಿ ನಾನು. ನುಡಿಸೋಕೆ ಬಿಡಬಹುದಿತ್ತಲ್ಲ?”

“ಇದನ್ನ ನಾನು ಅವನನ್ನೇ ಕೇಳಿದ್ದೆ” ಎಂದರು ಡಾಕ್ಟರು. “ಏನಯ್ಯಾ, ನಿಮ್ಮಕ್ಕ ನಡುನಡುವೆ ನಿಲ್ಲಿಸಿಬಿಡ್ತಾರಂತಲ್ಲ, ಬೇಜಾರಾಗಲ್ವಾ ಅಂದೆ. ಏನಂದ ಗೊತ್ತಾ? ಅವಳು ಪಕ್ಕದಲ್ಲಿ ಇಲ್ಲದೇ ಇದ್ರೆ ನನಗೆ ನುಡಿಸೋಕೇ ಆಗಲ್ಲ ಡಾಕ್ಟ್ರೇ, ಈಗ ನಿಂತೋಗ್ತದೇನೋ, ಈಗ ನಿಂತೋಗ್ತದೇನೋ ಅಂತ ಎದೇನೇ ಕೇಳ್ತಾ ಕೂತಿರ್ತೀನಿ. ಅವಳಿದ್ರೆ ಎದೆ ಅವಳು ನೋಡ್ಕೋತಾಳೆ, ನಾನು ಬರೀ ಹಾಡು ನೋಡ್ಕೋಬಹುದು ಅಂದ.”

ಕಾಶಮ್ಮ ಡಾಕ್ಟರ ಮುಖವನ್ನೇ ನೋಡುತ್ತಿದ್ದಳು.

“ಹಂಗಂದ್ನಾ?”

“ಹಂಗೇ ಅಂದ.”

“ಅನ್ನುವಾಗ ನಗ್ತಿದ್ನಾ?”

“ಅವನು ನಗದೇ ಮಾತಾಡಿದ್ದು ಯಾವತ್ತು ಕಾಶಮ್ಮ?”

ಆಗ ಅವಳು ಅತ್ತಳು. ಪಕ್ಕದ ಕೋಣೆಯಿಂದ ಕಾಂಪೌಂಡರು ಓಡಿಬರುವ ಹಾಗೆ, ಹೊರಗೆ ಕೂತ ರೋಗಿಗಳು ತಮ್ಮ ತಮ್ಮ ನೋವು ಮರೆತು ಬಾಗಿಲ ಕಡೆ ನೋಡುವ ಹಾಗೆ, ಬಾಯಿ ತೆರೆದು ಅತ್ತಳು. ಶಿವರಾಮಯ್ಯ ಕಾಂಪೌಂಡರನ್ನು ಕೈಸನ್ನೆಯಿಂದ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಅವಳಿಗೆ ಸಮಾಧಾನವಾಗುವ ತನಕ ಪಕ್ಕದಲ್ಲೇ ಕೂತಿದ್ದರು.